ಏಳು ಶೀಟು, ನಾಲ್ಕು ತಾಲ್ಲೂಕು

ಜನವರಿ ಮೊದಲ ವಾರ ಅಕ್ಕನ ಫೋನ್ ಬಂತು. ಸಾಮಾನ್ಯವಾಗಿ ಅಕ್ಕ ಫೋನ್ ಮಾಡಿದರೆ ಮೊದಲು "ಊಟ ಆತೇನು?" ಅಂತ ಕೇಳ್ತಾಳೆ. ಅವತ್ತು ಕೇಳಲಿಲ್ಲ.

"ಸಂಕ್ರಮಣಕ್ಕ ಬಾ. ಬಂದು ನಿನ್ನ ಸೊಸಿಗೆ ಸ್ವಲ್ಪ ಬುದ್ಧಿ ಹೇಳು. ಸೈನ್ಸ್ ಬ್ಯಾಡ ಅನ್ನಾಕತ್ತಾಳ. ಚಿತ್ರ ಬರೀತಾಳಂತ, ಚಿತ್ರ! ನಿನ್ನ ಮಾತಾದ್ರ ಕೇಳ್ತಾಳ."

ಅಕ್ಕನ ಮಗಳು ಹತ್ತನೇ ಕ್ಲಾಸು. ಮನೆಯಲ್ಲಿ ಎಲ್ಲರೂ ಅವಳನ್ನು ಪುಟ್ಟಿ ಅಂತಲೇ ಕರೆಯೋದು. ಹಾನಗಲ್ಲ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಓದ್ತಾಳೆ. ಮಾರ್ಕ್ಸ್ ಚೆನ್ನಾಗಿವೆ. ನಮ್ಮ ಕಡೆ ಮಾರ್ಕ್ಸ್ ಚೆನ್ನಾಗಿದ್ದರೆ ಸೈನ್ಸು, ಅದರಲ್ಲಿ ಎರಡು ಮಾತಿಲ್ಲ. ನಾನೂ ಹಾಗೇ ಹೋದವನು. ಎಂಜಿನಿಯರಿಂಗ್ ಮುಗಿಸಿ ಈಗ ಬೆಂಗಳೂರಿನ ಒಂದು ಆ್ಯಪ್ ಕಂಪನಿಯಲ್ಲಿ ಡಿಸೈನರ್. ಬಟನ್ ಎಲ್ಲಿರಬೇಕು, ಯಾವ ಬಣ್ಣ ಇರಬೇಕು, ಅಕ್ಷರ ಎಷ್ಟು ದಪ್ಪ ಇರಬೇಕು ಅಂತ ದಿನವಿಡೀ ತಲೆ ಕೆಡಿಸಿಕೊಳ್ಳೋದೇ ನನ್ನ ಸಂಬಳದ ಕೆಲಸ. ಈ ಸಂಗತಿ ಅಕ್ಕನಿಗೆ ಇನ್ನೂ ಪೂರ್ತಿ ಗೊತ್ತಿಲ್ಲ. ಅವಳ ಲೆಕ್ಕದಲ್ಲಿ ನಾನು "ಕಂಪ್ಯೂಟರ್ ಎಂಜಿನಿಯರ್".

ಹೊರಟೆ. ರಾತ್ರಿ ರೈಲು ಹತ್ತಿದರೆ ಬೆಳಗಿನ ಜಾವ ಹಾವೇರಿ.

ಮನೆಗೆ ಹೋದಾಗ ಪುಟ್ಟಿ ಪಡಸಾಲೆಯಲ್ಲಿ ಡ್ರಾಯಿಂಗ್ ಶೀಟ್ ಹರಡಿಕೊಂಡು ಕೂತಿದ್ದಳು. "ಏನಿದು?" ಅಂದೆ. ಡ್ರಾಯಿಂಗ್ ಸರ್ ಕೊಟ್ಟ ಪ್ರಾಜೆಕ್ಟ್ ಅಂತೆ. ಸರ್ ಈ ವರ್ಷ ರಿಟೈರ್ ಆಗ್ತಾರೆ. ಕೊನೆಯ ಬ್ಯಾಚಿಗೆ ಏನಾದರೂ ನೆನಪಿಡುವಂಥದ್ದು ಮಾಡಿಸಬೇಕು ಅಂತ ಅವರ ಆಸೆ. ಜನವರಿ 26ರಂದು ಧ್ವಜಾರೋಹಣ ಆದ ಮೇಲೆ ಶಾಲೆಯ ಪಡಸಾಲೆಯಲ್ಲಿ ಪ್ರದರ್ಶನ.

ಪ್ರಾಜೆಕ್ಟಿನ ನಿಯಮ ಸರಳ. ವಿನ್ಯಾಸಕ್ಕೆ ಏಳು ಮೂಲವಸ್ತು: ಗೆರೆ, ಆಕಾರ, ಘನರೂಪ, ನೆರಳು-ಬೆಳಕು, ಬಣ್ಣ, ಮೈ, ಜಾಗ. 'ಮೈ' ಅಂದರೆ ನಾವು ಆಫೀಸಿನಲ್ಲಿ ಟೆಕ್ಸ್ಚರ್ ಅನ್ನೋದು. ಮುಟ್ಟಿದರೆ ಒರಟೋ ನುಣುಪೋ, ಅದು. ಒಂದೊಂದಕ್ಕೆ ಒಂದು ಶೀಟು. ಫೋನಿನಲ್ಲಿ ನೋಡಿ ಬರೆಯೋ ಹಾಗಿಲ್ಲ. ಹಾವೇರಿ ಜಿಲ್ಲೆಯೊಳಗೇ, ಕಣ್ಣಾರೆ ಕಂಡದ್ದನ್ನೇ ಬರೀಬೇಕು.

ಓದಿದಾಗ ನನಗೆ ಒಂದು ಕ್ಷಣ ನಗು ಬಂತು, ಆಮೇಲೆ ನಾಚಿಕೆ ಆಯ್ತು. ಇದೇ ಏಳು ಸಂಗತಿಗಳನ್ನು ನಾನು ಕೆಲಸಕ್ಕೆ ಸೇರಿದ ಮೇಲೆ, ರಾತ್ರಿ ನಿದ್ದೆಗೆಟ್ಟು, ದುಡ್ಡು ಕೊಟ್ಟು ಆನ್‌ಲೈನ್ ಕೋರ್ಸಿನಲ್ಲಿ ಕಲಿತಿದ್ದೆ. ಜರ್ಮನಿಯಲ್ಲಿ 1919ರಲ್ಲಿ ಶುರುವಾದ ಬೌಹೌಸ್ ಶಾಲೆಯಲ್ಲಿ ಹೊಸ ವಿದ್ಯಾರ್ಥಿಗಳಿಗೆ ಮೊದಲು ಇಂಥದ್ದನ್ನೇ ಕಲಿಸ್ತಿದ್ದರು: ರೂಪ, ಬಣ್ಣ, ವಸ್ತುವಿನ ಗುಣ. ಅದೇ ಪಾಠ ಹಾನಗಲ್ಲ ತಾಲ್ಲೂಕಿನ ಹೈಸ್ಕೂಲಿನ ಕರಿಹಲಗೆಯ ಮೇಲೆ ಕನ್ನಡದಲ್ಲಿ ಇತ್ತು.

"ಎಷ್ಟು ಶೀಟ್ ಆಗ್ಯಾವು?"

"ಗೆರಿದು ಮನ್ಯಾಗ ಮಾಡೇನಿ. ಅದನ್ನ ಈಗ ತೋರ್ಸಂಗಿಲ್ಲ. ಉಳಿದ ಆರು ಆಗಬೇಕು. ಮಾಮಾ, ನೀ ಕಾರ್ ತಗೊಂಡು ಬರ್ತಿಯೇನು?"

ಹೀಗೆ ಭಾವನ ಕಾರಿನಲ್ಲಿ ಎರಡು ದಿನ ತಿರುಗೋದು ಅಂತ ಆಯ್ತು. ಪುಟ್ಟಿ ಜೊತೆ ಅವಳ ಇಬ್ಬರು ಕ್ಲಾಸ್‌ಮೇಟ್‌ಗಳು. ಒಬ್ಬಳ ಅಜ್ಜನದು ಸವಣೂರಿನ ಹತ್ತಿರ ಎಲೆತೋಟ. ಇನ್ನೊಬ್ಬ ಕುಂಬಾರರ ಹುಡುಗ, ಅವನ ಅಜ್ಜನ ಊರು ಹಿರೇಕೆರೂರ ತಾಲ್ಲೂಕು. ದಾರಿಯಲ್ಲಿ ಬುದ್ಧಿ ಹೇಳು ಅಂತ ಅಕ್ಕ ಕಣ್ಸನ್ನೆ ಮಾಡಿ ಕಳಿಸಿದಳು.

ಹಾನಗಲ್ಲ: ಮಲಗಿ ನೋಡುವ ಕಮಲ

ಹಾನಗಲ್ಲು ಹಳೆಯ ಶಾಸನಗಳ ಪಾನುಂಗಲ್ಲು. ಹಾನಗಲ್ಲ ಕದಂಬರ ರಾಜಧಾನಿ. ಮಹಾಭಾರತದ ವಿರಾಟನಗರ ಇದೇ ಅಂತ ಊರವರು ಹೇಳ್ತಾರೆ. ಊರಿನ ನಡುವೆ ತಾರಕೇಶ್ವರ ಗುಡಿ ಇದೆ. ಹನ್ನೆರಡನೇ ಶತಮಾನದ, ಕಲ್ಯಾಣ ಚಾಲುಕ್ಯರ ಕಾಲದ ಶೈಲಿ.

ನಾನು ಚಿಕ್ಕವನಿದ್ದಾಗ ಎಷ್ಟೋ ಸಲ ಬಂದಿದ್ದೇನೆ. ಕೈಮುಗಿದು, ಪ್ರಸಾದ ತಗೊಂಡು ಹೋಗಿದ್ದೇನೆ. ತಲೆ ಎತ್ತಿ ನೋಡಿದ್ದು ಕಡಿಮೆ. ಪುಟ್ಟಿ ಒಳಗೆ ಹೋದವಳೇ ಸಭಾಮಂಟಪದ ನೆಲದ ಮೇಲೆ ಅಂಗಾತ ಮಲಗಿಬಿಟ್ಟಳು.

"ಏ ಎದ್ದೇಳ, ಯಾರಾದ್ರೂ ನೋಡಿದ್ರ ಬೈತಾರ!"

"ನೀನೂ ಮಲ್ಕೋ ಮಾಮಾ. ನಿಂತು ನೋಡಿದ್ರ ಕುತ್ತಿಗಿ ನೋಯ್ತೈತಿ, ಕಮಲ ಕಾಣಂಗಿಲ್ಲ."

ಅಕ್ಕಪಕ್ಕ ಯಾರೂ ಇರಲಿಲ್ಲ. ನಾನೂ ಮಲಗಿದೆ. ಮೇಲೆ ಇಡೀ ಛಾವಣಿಯೇ ಒಂದು ದೊಡ್ಡ ಕಮಲ. ಸುತ್ತು ಸುತ್ತಾಗಿ ಎಸಳು, ನಡುವೆ ಕೆಳಕ್ಕೆ ಇಳಿಬಿದ್ದ ಮೊಗ್ಗು. ಇದು ಕಮಾನಿನ ಗುಮ್ಮಟ ಅಲ್ಲ. ಕಲ್ಲಿನ ಬಳೆಯ ಮೇಲೆ ಇನ್ನೊಂದು ಬಳೆ, ಪ್ರತಿ ಬಳೆಯೂ ಕೆಳಗಿನದಕ್ಕಿಂತ ಸ್ವಲ್ಪ ಒಳಕ್ಕೆ ಚಾಚಿಕೊಂಡು ಬಂದು ಕೊನೆಗೆ ನಡುವಿನಲ್ಲಿ ಕೂಡಿಕೊಳ್ಳುತ್ತೆ. ಕಟ್ಟುವ ಉಪಾಯವೇ ಅಲಂಕಾರವೂ ಆಗಿದೆ. ಬಳೆಗಳು ಇರೋದರಿಂದಲೇ ಎಸಳಿನ ಸಾಲುಗಳು. ನಮ್ಮ ಆಫೀಸಿನಲ್ಲಿ ಮೊದಲು ಕಟ್ಟಿ ಆಮೇಲೆ ಚಂದ ಮಾಡೋಣ ಅನ್ನುವ ಅಭ್ಯಾಸ ಇದೆ. ಇಲ್ಲಿ ಹಾಗೆ ಎರಡು ಕೆಲಸವಾಗಿ ಬೇರೆ ಮಾಡೋಕೆ ಆಗೋದೇ ಇಲ್ಲ.

ಮೂವರೂ ಕಂಪಾಸ್ ಹಿಡಿದು ಬರೆಯೋಕೆ ಕೂತರು. ಹುಡುಗ ಹೊರಗಿನ ಸುತ್ತಿನಿಂದ ಶುರು ಮಾಡಿದ. ನಡುವಿಗೆ ಬರುವಷ್ಟರಲ್ಲಿ ಎಸಳು ಒಂದಕ್ಕೊಂದು ಡಿಕ್ಕಿ ಹೊಡೆದವು. ಶೀಟು ಹರಿದು ಹಾಕಿದ. ಪುಟ್ಟಿ ನಡುವಿನ ಚುಕ್ಕೆಯಿಂದ ಹೊರಗೆ ಬಂದಳು. ಮೊದಲು ಅಡ್ಡ ಉದ್ದ ಗೆರೆ ಹಾಕಿ ವೃತ್ತವನ್ನು ಸಮಭಾಗ ಮಾಡಿಕೊಂಡಳು, ಆಮೇಲೆ ಒಂದು ಎಸಳು ಮಾತ್ರ ಸರಿಯಾಗಿ ಬರೆದಳು. "ಒಂದು ಬಂದ್ರ ಎಲ್ಲಾ ಬಂದಂಗ. ರಂಗೋಲಿ ಹಂಗ" ಅಂದಳು.

ಗುಡಿಯ ಆವರಣದಲ್ಲಿ ವೀರಗಲ್ಲುಗಳೂ ಇವೆ. ಅವನ್ನು ಓದುವ ಕ್ರಮ ನಿಮಗೆ ಗೊತ್ತಿರಬಹುದು. ಕೆಳಗಿನ ಪಟ್ಟಿಯಲ್ಲಿ ಯುದ್ಧ, ಅದರ ಮೇಲೆ ವೀರನನ್ನು ಅಪ್ಸರೆಯರು ಕರೆದೊಯ್ಯುವುದು, ತುದಿಯಲ್ಲಿ ಕೈಲಾಸ. ಅಕ್ಷರ ಬಾರದವರಿಗೂ ಕಥೆ ಅರ್ಥ ಆಗುತ್ತೆ. ನಾವು ಫೋನಿನಲ್ಲಿ ಮೇಲಿಂದ ಕೆಳಕ್ಕೆ ಓದ್ತೀವಿ. ಆ ಕಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು, ಯಾಕಂದರೆ ಆ ಮನುಷ್ಯ ಹೋಗಿದ್ದು ಮೇಲಕ್ಕೆ.

ಶಿಗ್ಗಾಂವಿ: ಸಿಮೆಂಟಿನ ಎಮ್ಮೆ, ಕಲ್ಲಿನ ಕನ್ನಡಿ

ಬೆಂಗಳೂರು-ಪುಣೆ ಹೆದ್ದಾರಿಯಲ್ಲಿ ಹೋಗುವವರು ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ ಬೋರ್ಡ್ ನೋಡಿರ್ತೀರಿ. ಹೆಚ್ಚಿನವರು ಹುಬ್ಬಳ್ಳಿ ತಲುಪುವ ಅವಸರದಲ್ಲಿ ದಾಟಿ ಹೋಗಿರ್ತೀರಿ. ನಾನೂ ಎಷ್ಟೋ ವರ್ಷ ದಾಟಿ ಹೋಗಿದ್ದೆ. ಪಕ್ಕದಲ್ಲೇ 2011ರಲ್ಲಿ ಶುರುವಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇದೆ.

ರಾಕ್ ಗಾರ್ಡನ್ ಕಟ್ಟಿದವರು ಕಲಾವಿದ ಟಿ.ಬಿ. ಸೊಲಬಕ್ಕನವರ. 2020ರಲ್ಲಿ ತೀರಿಕೊಂಡರು. ಉತ್ತರ ಕರ್ನಾಟಕದ ಹಳ್ಳಿಯ ಬದುಕನ್ನೇ ಆಳೆತ್ತರದ ಶಿಲ್ಪಗಳಲ್ಲಿ ನಿಲ್ಲಿಸಿದ್ದಾರೆ. ಹೊಲದ ಕೆಲಸ, ಸಂತೆ, ಕುಸ್ತಿ, ದನಕರು, ಮನೆಯ ಅಂಗಳದ ಮಾತುಕತೆ. ಒಂದು ಕಡೆ ಡಾ. ರಾಜಕುಮಾರ್ ಅವರ ಬೇರೆ ಬೇರೆ ಪಾತ್ರಗಳೂ ಇವೆ. ಅಲ್ಲಿ ಸೆಲ್ಫಿಯವರ ಗುಂಪು ಯಾವಾಗಲೂ ಇರುತ್ತೆ.

ಮಕ್ಕಳು ಇಲ್ಲಿ 'ಮೈ' ಬರೆಯಬೇಕಿತ್ತು. ಯೋಚನೆ ಮಾಡಿ ನೋಡಿ: ಎಮ್ಮೆಯ ಚರ್ಮ, ಕಂಬಳಿಯ ಒರಟು, ಮುದುಕಿಯ ಕೆನ್ನೆಯ ಸುಕ್ಕು, ಪಟಕದ ಮಡಿಕೆ. ಎಲ್ಲಾ ಒಂದೇ ಸಿಮೆಂಟು. ಆದರೂ ಕಣ್ಣಿಗೆ ಬೇರೆ ಬೇರೆ. ಮುಟ್ಟದೆಯೇ ಮುಟ್ಟಿದಂತೆ ಅನ್ನಿಸುವ ಹಾಗೆ ಮಾಡೋದೇ ಟೆಕ್ಸ್ಚರ್ ಅನ್ನೋದರ ಗುಟ್ಟು. ಪುಟ್ಟಿ ಶೀಟನ್ನು ಒಂಬತ್ತು ಚೌಕ ಮಾಡಿ, ಪ್ರತಿ ಚೌಕದಲ್ಲೂ ಬರೀ ಪೆನ್ಸಿಲ್‌ನಿಂದ ಒಂದೊಂದು ಮೈ ಬರೆದಳು. ಕಂಬಳಿಗೆ ಗಿಡ್ಡ ಗೆರೆ, ಚರ್ಮಕ್ಕೆ ಚುಕ್ಕೆ, ಹುಲ್ಲಿನ ಹೊರೆಗೆ ಉದ್ದ ಎಳೆ.

ಹುಡುಗ ಮಾತ್ರ ಒಂದು ಎತ್ತಿನ ಕಾಲಿನ ಹತ್ತಿರವೇ ಕೂತಿದ್ದ. "ಇಷ್ಟು ದೊಡ್ಡದು ಬರೀ ಸಿಮೆಂಟ್ ಆದ್ರ ನಿಲ್ಲಂಗಿಲ್ಲ. ಒಳಗ ಸರಳು ಇರಬೇಕ್ರಿ" ಅಂದ. ಮಣ್ಣಿನ ಕೆಲಸ ನೋಡಿ ಬೆಳೆದವನಿಗೆ ಮೊದಲು ಕಾಣೋದು ಭಾರ.

ಪುಟ್ಟಿ ಕೇಳಿದ ಪ್ರಶ್ನೆ ಬೇರೆ. "ಮಾಮಾ, ಇವರ ಮನ್ಯಾಗೂ ಬ್ಯಾಡ ಅಂದಿರಬೇಕಲ್ಲ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಬುದ್ಧಿ ಹೇಳೋಕೆ ಅದೇ ಸರಿಯಾದ ಸಮಯ ಆಗಿತ್ತು. ಹೇಳಲಿಲ್ಲ. ಚಹಾ ಕುಡಿಯೋಣ ಬಾ ಅಂದೆ.

ಅಲ್ಲಿಂದ ಬಂಕಾಪುರ. ಇದೂ ಶಿಗ್ಗಾಂವಿ ತಾಲ್ಲೂಕೇ. ರಾಷ್ಟ್ರಕೂಟ ಅಮೋಘವರ್ಷನ ಸೇನಾನಿ ಬಂಕೆಯನ ಹೆಸರಿನಿಂದ ಬಂದ ಊರು. ಕೋಟೆಯೊಳಗೆ ನಗರೇಶ್ವರ ಗುಡಿ ಇದೆ. ಜನ ಕರೆಯೋದು ಅರವತ್ತು ಕಂಬದ ಗುಡಿ ಅಂತ. ಬಳಪದ ಕಲ್ಲಿನ ಕಂಬಗಳು. ಚಾಲುಕ್ಯರ ಕಾಲದ ಶಿಲ್ಪಿಗಳು ಇಂಥ ಕಂಬಗಳನ್ನು ತಿರುಗಣಿಗೆ ಹಾಕಿ ಕಡೆಯುತ್ತಿದ್ದರು. ಬಳೆ ಬಳೆಯಾಗಿ ತಿರುವಿದ ಅಂಚು, ಕೆಲವು ಕಡೆ ಇವತ್ತಿಗೂ ಕನ್ನಡಿಯ ಹೊಳಪು.

ಮಧ್ಯಾಹ್ನ ಮೂರರ ಬಿಸಿಲು ಓರೆಯಾಗಿ ಒಳಗೆ ಬರ್ತಿತ್ತು. ಹೊರಸಾಲಿನ ಕಂಬ ಬೆಳ್ಳಗೆ, ಅದರ ಹಿಂದಿನದು ಬೂದಿ, ಅದರ ಹಿಂದಿನದು ಕಪ್ಪು. ನೆರಳು-ಬೆಳಕಿನ ಶೀಟಿಗೆ ಇದಕ್ಕಿಂತ ಬೇರೆ ಜಾಗ ಬೇಕಿಲ್ಲ. ಸರ್ ಹೇಳಿಕೊಟ್ಟಿದ್ದರಂತೆ: ಮೊದಲು ಕಣ್ಣು ಕಿರಿದು ಮಾಡಿ ನೋಡ್ರಿ, ವಿವರ ಮಾಯ ಆಗ್ತಾವು, ಕತ್ತಲು-ಬೆಳಕು ಅಷ್ಟೇ ಉಳೀತೈತಿ. ಮೂವರೂ ಕಣ್ಣು ಕಿರಿದು ಮಾಡಿಕೊಂಡು ಕಂಬ ನೋಡ್ತಿದ್ದರು. ಗುಡಿ ನೋಡೋಕೆ ಬಂದಿದ್ದ ಒಂದು ಕುಟುಂಬ ಇವರಿಗೇನಾಗಿದೆ ಅಂತ ನಿಂತು ನೋಡಿತು.

ಬಂಕಾಪುರದ ಕೋಟೆ ನವಿಲುಧಾಮವೂ ಹೌದು. ಸಂಜೆ ಹೊತ್ತಿಗೆ ಕೂಗು ಕೇಳಿಸಿತು, ಎರಡು ನವಿಲು ಕಂಡವು. ಎಲೆತೋಟದ ಹುಡುಗಿಗೆ ನೀಲಿ ಬಣ್ಣ ಹೇಗೆ ಕಲಸೋದು ಅಂತ ಚಿಂತೆ. ನಾನು ಓದಿದ್ದನ್ನು ಹೇಳಿದೆ. ನವಿಲುಗರಿಯ ಬಣ್ಣದ ಕಣ ಅಸಲಿಗೆ ಕಂದು. ಗರಿಯ ಒಳಗಿನ ಅತಿ ಸೂಕ್ಷ್ಮ ಜೋಡಣೆಯ ಮೇಲೆ ಬೆಳಕು ಬಿದ್ದು ವಾಪಸ್ ಬರುವಾಗ ನೀಲಿ, ಹಸಿರು ಕಾಣುತ್ತೆ. ಅದಕ್ಕೇ ಹಕ್ಕಿ ಅಲುಗಿದರೆ ಬಣ್ಣವೂ ಬದಲಾಗುತ್ತೆ.

"ಅಂದ್ರ ಇದು ಸೈನ್ಸ್ ಅಲ್ಲೇನು ಮಾಮಾ?" ಅಂದಳು ಪುಟ್ಟಿ, ಬೇಕಂತಲೇ.

"ಹೌದು, ಇದು ಸೈನ್ಸೇ."

"ಮತ್ತ ಅವ್ವ ಎರಡೂ ಬ್ಯಾರೆ ಬ್ಯಾರೆ ಅಂತಾಳ!"

ಸವಣೂರು: ಹಸಿರು ಟ್ಯೂಬ್ ಮುಟ್ಟಬಾರದು

ಮರುದಿನ ಬೆಳಿಗ್ಗೆ ಸವಣೂರು. ನವಾಬರ ಊರು, ಜ್ಞಾನಪೀಠ ಪಡೆದ ವಿ.ಕೃ. ಗೋಕಾಕರು ಹುಟ್ಟಿದ ಊರು. ನಮ್ಮ ಕಡೆಯವರಿಗೆ ಮಾತ್ರ ಸವಣೂರು ಅಂದರೆ ಎರಡೇ: ಎಲೆ ಮತ್ತು ಖಾರ. ವೀಳ್ಯದೆಲೆ ಎಷ್ಟು ತೆಳುವೋ, ಚುರುಮುರಿ ಜೊತೆ ತಿನ್ನುವ ಖಾರ ಅಷ್ಟೇ ಜೋರು.

ಅಜ್ಜನ ಎಲೆತೋಟದೊಳಗೆ ಕಾಲಿಟ್ಟರೆ ಹೊರಗಿನ ಬಿಸಿಲು ಮರೆತುಹೋಗುತ್ತೆ. ಆಸರೆಯ ಗಿಡಗಳನ್ನು ಅಪ್ಪಿಕೊಂಡು ಸಾಲು ಸಾಲು ಬಳ್ಳಿ. ಇಲ್ಲಿ ಬಣ್ಣದ ಶೀಟು. ಸರ್ ಒಂದು ಶರತ್ತು ಹಾಕಿದ್ದರು: ಹಸಿರು ಟ್ಯೂಬ್ ಮುಟ್ಟಬಾರದು. ಹಳದಿ, ನೀಲಿ, ಕೆಂಪು, ಬಿಳಿ ಅಷ್ಟೇ. ಹಳದಿ-ನೀಲಿ ಕೂಡಿಸಿ ಹಸಿರು ಮಾಡಿಕೊಳ್ಳಬೇಕು, ಹಸಿರು ಕಣ್ಣಿಗೆ ಚುಚ್ಚಿದರೆ ಚೂರು ಕೆಂಪು ಹಾಕಿ ತಣ್ಣಗೆ ಮಾಡಬೇಕು.

ಕುಡಿ ಎಲೆಗೆ ಹಳದಿ ಜಾಸ್ತಿ. ಬಲಿತದ್ದಕ್ಕೆ ನೀಲಿ. ನೆರಳಿನಲ್ಲಿದ್ದ ಎಲೆಗೆ ಕೆಂಪಿನ ಚಿಟಿಕೆ. ಅಜ್ಜ ಪಕ್ಕದಲ್ಲಿ ಕೂತು ನೋಡ್ತಿದ್ದರು. ಮಕ್ಕಳ ಶೀಟಿನಲ್ಲಿ ಹಸಿರಿನ ಹನ್ನೊಂದು ಬಗೆ ಆದವು. ಅಜ್ಜ ಎದ್ದು ಹೋಗಿ ಒಂದು ಎಲೆ ಕಿತ್ತು ತಂದು ಶೀಟಿನ ಮೇಲಿಟ್ಟರು. "ಇದ ಬರಲಿಲ್ಲವಲ್ಲ ತಂಗಿ" ಅಂದರು. ನಿಜ, ಆ ಹಸಿರು ಶೀಟಿನ ಮೇಲೆ ಇರಲಿಲ್ಲ. ಕೊಯ್ಯೋಕೆ ಬಂದ ಎಲೆಯ ಬಣ್ಣ ಅದು. ದಿನಾ ಬೆಳಿಗ್ಗೆ ಅದನ್ನೇ ಹುಡುಕುವ ಕಣ್ಣು ಅವರದು. ಮಕ್ಕಳು ಮತ್ತೆ ಕಲಸಿದರು. ಹನ್ನೆರಡು.

ನಾನು ಆಫೀಸಿನಲ್ಲಿ ಹಸಿರಿಗೆ ನಂಬರ್ ಹಾಕ್ತೀನಿ. ಅಜ್ಜನ ಹತ್ತಿರ ನಂಬರ್ ಇರಲಿಲ್ಲ.

ತೋಟದಿಂದ ದೊಡ್ಡಹುಣಸೇಕಲ್ಮಠಕ್ಕೆ ಹೋದೆವು. ಆವರಣದಲ್ಲಿ ಮೂರು ಬಾವೊಬಾಬ್ ಮರಗಳಿವೆ. ಆಫ್ರಿಕಾ ಮೂಲದ ಜಾತಿ. ಕಾಯಿಯ ತಿರುಳು ಹುಣಸೆಯಂತೆ ಹುಳಿ, ಹಾಗಾಗಿ ನಮ್ಮವರ ಬಾಯಲ್ಲಿ ಇದು ದೊಡ್ಡ ಹುಣಸೆ. 2023ರ ಮಳೆಗಾಲದಲ್ಲಿ ಮೂರರಲ್ಲಿ ಒಂದು ಬುಡಸಮೇತ ಉರುಳಿತ್ತು. ಸತ್ತಿತು ಅಂತ ಕಡಿದು ಹಾಕದೆ, ಯಂತ್ರ ತರಿಸಿ ಎತ್ತಿ ಮತ್ತೆ ನೆಟ್ಟರು.

ಜನವರಿಯಾದ್ದರಿಂದ ಎಲೆ ಉದುರಿತ್ತು. ಎಲೆ ಇಲ್ಲದಾಗ ಕೊಂಬೆಗಳು ಬೇರಿನಂತೆ ಕಾಣ್ತವೆ, ಮರವನ್ನು ತಲೆಕೆಳಗು ನೆಟ್ಟ ಹಾಗೆ. ಘನರೂಪದ ಶೀಟಿಗೆ ಇದೇ ಸರಿ ಅಂತ ಮೂವರೂ ಒಪ್ಪಿದರು. ಬಾಟಲಿಯಂಥ ಕಾಂಡ, ಅದರೊಳಗೆ ನೀರು ತುಂಬಿಟ್ಟುಕೊಳ್ಳುವ ಮೆತ್ತನೆ ತಿರುಳು. ಬರೀ ಹೊರಗೆರೆ ಬರೆದರೆ ಚಪ್ಪಟೆ ಕಾಣುತ್ತೆ. ದುಂಡಗೆ ಕಾಣಬೇಕಾದರೆ ತೊಗಟೆಯ ಗೆರೆಯೂ ಬಾಗಬೇಕು, ನೆರಳೂ ಬಾಗಬೇಕು.

ಪೇಟೆಯಲ್ಲಿ ಖಾರದ ಪೊಟ್ಟಣ ತಗೊಂಡೆವು. ಅಲ್ಲೊಂದು ಅನಾಹುತ ಆಯ್ತು. ಹುಡುಗನ ಕೈಯ ಎಣ್ಣೆ ಪುಟ್ಟಿಯ ಟೆಕ್ಸ್ಚರ್ ಶೀಟಿನ ಕೊನೆಯ ಚೌಕಕ್ಕೆ ತಾಗಿ, ಕಾಗದ ಅಷ್ಟಗಲ ಪಾರದರ್ಶಕ ಆಯ್ತು. ಪುಟ್ಟಿ ಕಣ್ಣಲ್ಲಿ ನೀರು. ಹುಡುಗ ಮಾತೇ ಬಿಟ್ಟ. ಕಾರಿನಲ್ಲಿ ಹತ್ತು ನಿಮಿಷ ಯಾರೂ ಉಸಿರೆತ್ತಲಿಲ್ಲ.

ಆ ಮೌನದಲ್ಲೇ ಅವಳು ಕೇಳಿದ್ದು: "ಮಾಮಾ, ನೀ ಯಾಕ ಚಿತ್ರ ಬರಿಯೂದು ಬಿಟ್ಟಿ? ಅವ್ವ ಹೇಳ್ತಾಳ, ನೀನೂ ಲೋಯರ್ ಪರೀಕ್ಷೆ ಪಾಸ್ ಮಾಡಿದ್ದಿ ಅಂತ."

ಹೌದು. ಡ್ರಾಯಿಂಗ್ ಲೋಯರ್ ಗ್ರೇಡ್ ಪಾಸ್ ಮಾಡಿದ್ದೆ. ಹೈಯರ್‌ಗೆ ಫೀ ಕಟ್ಟುವ ದಿನ ನಮ್ಮಪ್ಪ "ಈ ವರ್ಷ ಎಸ್ಸೆಸ್ಸೆಲ್ಸಿ ಐತಿ" ಅಂದರು. ಅಷ್ಟೇ ಅಂದಿದ್ದು. ಜಗಳ ಆಗಲಿಲ್ಲ, ಬೈಗುಳ ಇಲ್ಲ. ನಾನೇ "ನನಗೂ ಅಷ್ಟೇನ್ ಆಸಕ್ತಿ ಇಲ್ಲ" ಅಂತ ಸುಳ್ಳು ಹೇಳಿ ಸುಮ್ಮನಾದೆ. ಆಮೇಲೆ ಎಂಟು ವರ್ಷ ಪೆನ್ಸಿಲ್ ಹಿಡಿಯಲಿಲ್ಲ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅವತ್ತು ಮೂವರು ಮಕ್ಕಳಿಗೆ, ಸ್ಟೇರಿಂಗ್ ಹಿಡಿದುಕೊಂಡು ಹೇಳಿದೆ.

ಹಿರೇಕೆರೂರು: ಖಾಲಿ ಬಿಟ್ಟ ಜಾಗ

ಹೆಸರಲ್ಲೇ ಇದೆ, ಹಿರಿಯ ಕೆರೆಯ ಊರು. ಮೊದಲು ಹುಡುಗನ ಅಜ್ಜನ ಮನೆಗೆ ಹೋದೆವು. ಅಜ್ಜ ತಿಗರಿಯ ಮುಂದೆ ಕೂತಿದ್ದರು. ಮಣ್ಣಿನ ಮುದ್ದೆಯ ನಡುವೆ ಹೆಬ್ಬೆರಳು ಇಳಿಸಿದರು, ನೋಡನೋಡುತ್ತ ಗಡಿಗೆಯ ಕೊರಳು ಎದ್ದಿತು.

ನನಗೆ ಒಂದು ಹಳೆಯ ವರದಿ ನೆನಪಾಯಿತು. 1958ರಲ್ಲಿ ಭಾರತ ಸರ್ಕಾರದ ಕೋರಿಕೆಯ ಮೇಲೆ ಅಮೆರಿಕದ ಡಿಸೈನರ್ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ದೇಶ ಸುತ್ತಿ ಒಂದು ವರದಿ ಕೊಟ್ಟರು. ನಮ್ಮಲ್ಲಿ ಅವರಿಗೆ ತುಂಬಾ ಹಿಡಿಸಿದ ವಸ್ತು ಯಾವುದು ಗೊತ್ತಾ? ತಂಬಿಗೆ! ಎಷ್ಟು ನೀರು ಹಿಡಿಯಬೇಕು, ಸೊಂಟಕ್ಕೋ ತಲೆಗೋ ಹೇಗೆ ಕೂರಬೇಕು, ಸುರಿಯುವಾಗ ಹೇಗೆ ಬಗ್ಗಬೇಕು, ತೊಳೆಯೋಕೆ ಕೈ ಹೋಗುತ್ತಾ, ಇಷ್ಟೆಲ್ಲ ಪ್ರಶ್ನೆಗೆ ಯಾರೋ ಒಬ್ಬ ಡಿಸೈನರ್ ಅಲ್ಲ, ಎಷ್ಟೋ ತಲೆಮಾರು ಸೇರಿ ಉತ್ತರ ಕಂಡುಕೊಂಡಿದೆ ಅನ್ನೋದು ಅವರ ಬೆರಗು. ಆ ವರದಿಯ ಬೆನ್ನಲ್ಲೇ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಎನ್‌ಐಡಿ, ಹುಟ್ಟಿತು.

ಇದನ್ನು ಕನ್ನಡದಲ್ಲಿ ಹೇಳಿದಾಗ ಅಜ್ಜ ನಕ್ಕರು. "ಕೊರಳು ಅಗಲ ಆದ್ರ ನೀರು ತುಳುಕ್ತೈತಿ, ಸಣ್ಣದಾದ್ರ ಕೈ ಹೋಗಂಗಿಲ್ಲ. ಅಷ್ಟ ನೋಡ್ರಿ" ಅಂದರು. ಹುಡುಗ ಅಜ್ಜನನ್ನು ಹೊಸದಾಗಿ ನೋಡುವವನ ಹಾಗೆ ನೋಡ್ತಿದ್ದ.

ಸಂಜೆ ದುರ್ಗಾದೇವಿ ಕೆರೆಯ ದಂಡೆ. ಉಳಿದಿದ್ದು ಏಳನೇ ಶೀಟು, ಜಾಗ. ಎಲ್ಲಕ್ಕಿಂತ ಕಷ್ಟದ್ದು ಇದೇ. ಮಕ್ಕಳು ಅಂತಲ್ಲ, ದೊಡ್ಡವರಿಗೂ ಖಾಲಿ ಬಿಡೋಕೆ ಧೈರ್ಯ ಸಾಲದು. ನಮ್ಮ ಮೀಟಿಂಗುಗಳಲ್ಲಿ ದಿನಾ ಇದೇ ಜಗಳ: ಅಲ್ಲಿ ಖಾಲಿ ಇದೆ, ಏನಾದರೂ ಹಾಕಿ. ಈ ಭಾಗದ ಅಬಲೂರು, ಮಾಸೂರಿನ ಜೊತೆ ಸರ್ವಜ್ಞನ ಹೆಸರು ಅಂಟಿಕೊಂಡಿದೆ. ಅವನ ತಾಯಿ ಕುಂಬಾರರ ಮನೆಯವಳು ಅಂತ ಕಥೆ. ಅವನೂ ಮೂರೇ ಸಾಲು ಇಟ್ಟುಕೊಂಡವನು. ಹೇಳದೆ ಬಿಟ್ಟದ್ದು ಕೇಳುವವರಿಗೆ ಬಿಟ್ಟದ್ದು.

ಪುಟ್ಟಿ ಶೀಟಿನ ಕೆಳಗಿನ ಕಾಲು ಭಾಗದಲ್ಲಿ ದಂಡೆಯ ಗೆರೆ ಎಳೆದಳು. ಒಂದು ಮೂಲೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸು, ಹೆಬ್ಬೆರಳಷ್ಟು. ಉಳಿದದ್ದೆಲ್ಲ ಬಿಳಿ. ನೀರೂ ಅದೇ, ಆಕಾಶವೂ ಅದೇ.

"ಮುಗೀತೇನು?"

"ಮುಗೀತು. ಇನ್ನ ಏನರ ಹಾಕಿದ್ರ ಕೆಡ್ತೈತಿ."

ಎಲ್ಲಿ ನಿಲ್ಲಿಸಬೇಕು ಅಂತ ಹದಿನೈದು ವರ್ಷದ ಹುಡುಗಿಗೆ ಗೊತ್ತಿತ್ತು. ನನಗೆ ಅದು ಈಗಲೂ ಪೂರ್ತಿ ಗೊತ್ತಿಲ್ಲ. ಬುದ್ಧಿ ಹೇಳುವ ಕೆಲಸ ನನ್ನಿಂದ ಆಗಲ್ಲ ಅಂತ ಅಲ್ಲೇ ಖಾತ್ರಿ ಆಯ್ತು.

ಪಡಸಾಲೆಯ ಹಗ್ಗ

ರಾತ್ರಿ ಅಕ್ಕನ ಜೊತೆ ಅಡುಗೆಮನೆಯಲ್ಲಿ ಕೂತು ಮಾತಾಡಿದೆ. ನಾನು ನಿಜವಾಗಿ ಏನು ಕೆಲಸ ಮಾಡ್ತೀನಿ ಅಂತ ಮೊದಲ ಸಲ ಬಿಡಿಸಿ ಹೇಳಿದೆ. ಹೈಯರ್ ಪರೀಕ್ಷೆಯ ಸುಳ್ಳನ್ನೂ ಹೇಳಿದೆ. ಅಕ್ಕ ರೊಟ್ಟಿ ಬಡಿಯೋದು ನಿಲ್ಲಿಸಲಿಲ್ಲ, ಆದರೆ ಕೇಳಿಸಿಕೊಂಡಳು.

"ಹೊಟ್ಟಿ ತುಂಬತೈತೇನು ಅದರಾಗ?"

ಆ ಪ್ರಶ್ನೆಗೆ ಸಿನಿಮಾ ಡೈಲಾಗ್ ಹೊಡೆಯೋಕೆ ನನಗೆ ಮನಸ್ಸಾಗಲಿಲ್ಲ. ಖಾತ್ರಿ ಇಲ್ಲ ಅಂದೆ. ಚಿತ್ರಕಲೆ ಓದಿದವರೆಲ್ಲರಿಗೂ ಕೆಲಸ ಸಿಗಲ್ಲ, ಎಂಜಿನಿಯರಿಂಗ್ ಓದಿದವರೆಲ್ಲರಿಗೂ ಸಿಗಲ್ಲ. ಆದರೆ ಒಂದು ವಿಷಯ ಅಕ್ಕನಿಗೂ ಪುಟ್ಟಿಗೂ ಇಬ್ಬರಿಗೂ ಗೊತ್ತಿರಲಿಲ್ಲ. ನಾಲ್ಕು ವರ್ಷದ ಬಿವಿಎ ಪದವಿಗೆ ಪಿಯುಸಿಯಲ್ಲಿ ಇದೇ ವಿಷಯ ಓದಿರಬೇಕು ಅಂತಿಲ್ಲ. ಎನ್‌ಐಡಿ ಪ್ರವೇಶ ಪರೀಕ್ಷೆಯನ್ನಾಗಲಿ, ಐಐಟಿಗಳ ಡಿಸೈನ್ ಪದವಿಗೆ ನಡೆಯುವ ಯುಸೀಡ್ ಪರೀಕ್ಷೆಯನ್ನಾಗಲಿ ಸೈನ್ಸ್, ಕಾಮರ್ಸ್, ಆರ್ಟ್ಸ್ ಯಾರು ಬೇಕಾದರೂ ಬರೆಯಬಹುದು. ಬಾಗಿಲು ಈಗಲೇ ಮುಚ್ಚಬೇಕಾಗಿಲ್ಲ, ಈಗಲೇ ಒಂದನ್ನು ಒಡೆದು ಒಳಗೆ ನುಗ್ಗಬೇಕಾಗಿಯೂ ಇಲ್ಲ.

ಅಕ್ಕ "ಹ್ಞೂಂ" ಅಂದಳು. ಅದರ ಅರ್ಥ ಹೌದು ಅಂತಲೂ ಅಲ್ಲ, ಇಲ್ಲ ಅಂತಲೂ ಅಲ್ಲ.

26ರಂದು ರಜೆ ಹಾಕಿ ಮತ್ತೆ ಹೋದೆ. ಪಡಸಾಲೆಯ ಉದ್ದಕ್ಕೂ ಹಗ್ಗ ಕಟ್ಟಿ, ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಶೀಟು ತೂಗುಹಾಕಿದ್ದರು. ಯಾರೋ ಒಬ್ಬ ಬ್ಯಾಡಗಿ ಮೆಣಸಿನಕಾಯಿಯ ಸುಕ್ಕನ್ನೇ ಮೈ ಶೀಟು ಮಾಡಿದ್ದ. ಇನ್ನೊಬ್ಬಳು ತಮ್ಮ ಮನೆಯ ಹಂಚಿನ ಸಾಲುಗಳನ್ನು ಆಕಾರ ಅಂದಿದ್ದಳು. ಎಣ್ಣೆ ಕಲೆ ಬಿದ್ದ ಚೌಕವನ್ನು ಪುಟ್ಟಿ ಹಾಗೇ ಬಿಟ್ಟಿದ್ದಳು. ಅದರ ಕೆಳಗೆ ಸರ್ ಕೆಂಪು ಪೆನ್ನಿನಲ್ಲಿ "ಇದೂ ಮೈ, ಸವಣೂರ ಖಾರದ್ದು" ಅಂತ ಬರೆದಿದ್ದರು. ಹುಡುಗನ ಮುಖದಲ್ಲಿ ಕೊನೆಗೂ ನಗು.

ಪುಟ್ಟಿ ಮುಚ್ಚಿಟ್ಟಿದ್ದ ಮೊದಲ ಶೀಟು ಸಾಲಿನ ಮೊದಲಿಗೇ ಇತ್ತು. ಗೆರೆ. ಕಸೂತಿ ಅದು. ಗೋಪುರ, ತೇರು, ಆನೆ, ತುಳಸಿಕಟ್ಟೆ, ನವಿಲು. ಕಪ್ಪು ಪೆನ್ನಿನ ಚಿಕ್ಕ ಚಿಕ್ಕ ಗೆರೆ, ಒಂದೂ ಬಾಗಿಲ್ಲ. ಕಸೂತಿಯಲ್ಲಿ ಮೊದಲೇ ಬರೆದುಕೊಳ್ಳೋ ಹಾಗಿಲ್ಲ, ಬಟ್ಟೆಯ ಎಳೆ ಎಣಿಸಿಯೇ ಸೂಜಿ ಹಾಕಬೇಕು. ನಾವು ಸ್ಕ್ರೀನಿನಲ್ಲಿ ಪಿಕ್ಸೆಲ್ ಎಣಿಸುವ ಹಾಗೆ. ಗವಂತಿ, ಮುರಗಿ, ನೇಗಿ, ಮೆಂತಿ ಅಂತ ನಾಲ್ಕು ಹೊಲಿಗೆ. ಪುಟ್ಟಿ ನೋಡಿ ಬರೆದದ್ದು ಟ್ರಂಕಿನ ತಳದಲ್ಲಿದ್ದ ಒಂದು ಇಳಕಲ್ ಸೀರೆಯ ಸೆರಗು. ಅಕ್ಕ ಮದುವೆಗೆ ಮುಂಚೆ, ಹದಿನೆಂಟರಲ್ಲಿ ತಾನೇ ಹೊಲಿದದ್ದು. ಅದಾದ ಮೇಲೆ ಸೂಜಿ ಹಿಡಿದದ್ದು ಹರಿದದ್ದು ಹೊಲಿಯೋಕೆ ಮಾತ್ರ.

ಅಕ್ಕ ಆ ಶೀಟಿನ ಮುಂದೆ ಬಹಳ ಹೊತ್ತು ನಿಂತಳು. ಬೆರಳಿನಿಂದ ತೇರಿನ ಗಾಲಿ ಎಣಿಸಿದಳು. ಆಮೇಲೆ ಕ್ಲಿಪ್ ಬಿಚ್ಚಿ ಶೀಟನ್ನು ತಿರುಗಿಸಿ ಹಿಂದೆ ನೋಡಿದಳು.

ಪಕ್ಕದಲ್ಲಿದ್ದ ಸರ್ "ಹಿಂದ ಏನಿಲ್ರಿ, ಕಾಗದ" ಅಂದರು.

ಅಕ್ಕ ನಾಚಿಕೊಂಡಳು. "ಗವಂತಿ ಹಾಕಿದ್ರ ಹಿಂದೂ ಮುಂದೂ ಒಂದ ಇರಬೇಕ್ರಿ. ರೂಢಿ" ಅಂದಳು.

ಮನೆಗೆ ಬರುವ ದಾರಿಯಲ್ಲಿ ಅಕ್ಕ ಕೇಳಿದ್ದು ಇಷ್ಟೇ: "ಪಿಯುಸಿ ಯಾವುದ ತಗೊ, ಆಮ್ಯಾಲೆ ಆ ಪರೀಕ್ಷೆ ಬರೀಬಹುದು ಅಂದಿ ಅಲ್ಲ?"

"ಹೌದಕ್ಕ."

"ಮೊದ್ಲ ಎಸ್ಸೆಸ್ಸೆಲ್ಸಿ ಚಲೋ ಬರೀಲಿ. ಆಮ್ಯಾಲೆ ನೋಡೂಣು."

ಹಿಂದಿನ ಸೀಟಿನಲ್ಲಿ ಪುಟ್ಟಿ ಏನೂ ಮಾತಾಡಲಿಲ್ಲ. ಕನ್ನಡಿಯಲ್ಲಿ ನೋಡಿದೆ. ಕಿಟಕಿಯ ಧೂಳಿನ ಮೇಲೆ ಬೆರಳಿನಿಂದ ಗೆರೆ ಎಳೀತಿದ್ದಳು.

ನೀವೂ ಹೋಗೋದಾದರೆ

ಎರಡು ದಿನ ಸಾಕು. ಹಾವೇರಿಗೆ ರೈಲು, ಬಸ್ ಎರಡೂ ಇವೆ. ಅಲ್ಲಿಂದ ನಾಲ್ಕೂ ಊರಿಗೆ ಬಸ್ ಸಿಗುತ್ತೆ, ಸ್ವಂತ ಗಾಡಿ ಇದ್ದರೆ ಬಂಕಾಪುರ, ಗೊಟಗೋಡಿಗೆ ಅನುಕೂಲ. ತಾರಕೇಶ್ವರ ಗುಡಿಗೆ ಬೆಳಿಗ್ಗೆ ಬೇಗ ಹೋಗಿ, ಬಂಕಾಪುರದ ಕಂಬಗಳನ್ನು ಇಳಿಬಿಸಿಲಿನಲ್ಲಿ ನೋಡಿ. ಬಾವೊಬಾಬ್ ಬೋಳಾಗಿ ಕಾಣಬೇಕಾದರೆ ಬೇಸಿಗೆಯೊಳಗೆ, ಹಸಿರಾಗಿ ಕಾಣಬೇಕಾದರೆ ಮಳೆ ಬಿದ್ದ ಮೇಲೆ. ಫೋಟೊ ತೆಗೀರಿ, ಬೇಡ ಅನ್ನಲ್ಲ. ಜೊತೆಗೆ ಒಂದು ಪೆನ್ಸಿಲ್, ನಾಲ್ಕು ಹಾಳೆ ಇಟ್ಟುಕೊಳ್ಳಿ. ಸವಣೂರ ಖಾರ ತಿನ್ನೋಕೆ ಮುಂಚೆ ಹಾಳೆ ಮಾತ್ರ ಬ್ಯಾಗಿನೊಳಗೆ ಇಡಿ.